ಪೋಸ್ಟ್‌ಗ್ರೆಸ್‌ಕ್ಯೂಎಲ್ ಬೀಟಾ ಆವೃತ್ತಿಗಳಲ್ಲಿ ದೋಷ ಪತ್ತೆ

ಪೋಸ್ಟ್‌ಗ್ರೆಸ್‌ಕ್ಯೂಎಲ್ ಒಂದು ಮುಕ್ತ ತಂತ್ರಾಂಶವಾಗಿರುವ ಸಂಬಂಧಾತ್ಮಕ ದತ್ತಸಂಚಯ ನಿರ್ವಹಣಾ ವ್ಯವಸ್ಥೆ. ಸಂಕ್ಷೇಪವಾಗಿ ಇದನ್ನು ಪೋಸ್ಟ್‌ಗ್ರೆಸ್ ಎಂದೂ ಕರೆಯುತ್ತಾರೆ. ಇದರ ಪ್ರತಿಯೊಂದು ಪ್ರಮುಖ ಆವೃತ್ತಿಯೂ ಅಂತಿಮವಾಗಿ ಬಿಡುಗಡೆಯಾಗುವ ಮುನ್ನ ಕೆಲವು ತಿಂಗಳ ಕಾಲ ಬೀಟಾ ರೂಪದಲ್ಲಿ ಎಲ್ಲರಿಗೂ ದೊರೆಯುತ್ತದೆ. ಆ ಅವಧಿಯಲ್ಲಿ ದೋಷಗಳನ್ನು ಗುರುತಿಸುವ, ಪ್ರತ್ಯೇಕಿಸುವ, ವರದಿ ಮಾಡುವ ಮತ್ತು ಅವುಗಳ ಬಗ್ಗೆ ತೀರ್ಮಾನ ಕೈಗೊಳ್ಳುವ ಕ್ರಮವನ್ನು ಈ ಲೇಖನ ವಿವರಿಸುತ್ತದೆ.

ದತ್ತಸಂಚಯದ ದೋಷಕ್ಕೂ ಇತರ ತಂತ್ರಾಂಶಗಳ ದೋಷಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಚಿತ್ರ ನೋಡುವ ತಂತ್ರಾಂಶವೊಂದು ಕುಸಿದರೆ ಅದನ್ನು ಮತ್ತೆ ತೆರೆಯಬಹುದು. ದತ್ತಸಂಚಯವು ತಪ್ಪಾಗಿ ಬರೆದಿಟ್ಟ ಮಾಹಿತಿಯಾದರೋ, ದೋಷ ಸರಿಹೋದ ಮೇಲೂ ತಪ್ಪಾಗಿಯೇ ಉಳಿಯುತ್ತದೆ. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ದಾಖಲೆ, ಪರೀಕ್ಷೆಯ ಅಂಕಪಟ್ಟಿ ಮೊದಲಾದವು ಇಂತಹ ವ್ಯವಸ್ಥೆಗಳಲ್ಲಿಯೇ ಇರುವುದರಿಂದ ಬೀಟಾ ಹಂತದ ಪರೀಕ್ಷೆಗೆ ಇಲ್ಲಿ ಹೆಚ್ಚಿನ ಮಹತ್ವವಿದೆ.

ಹಿನ್ನೆಲೆ

ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಆರಂಭವಾದ ಪೋಸ್ಟ್‌ಗ್ರೆಸ್ ಸಂಶೋಧನಾ ಯೋಜನೆಯೇ ಈ ತಂತ್ರಾಂಶದ ಮೂಲ. 1996ರಲ್ಲಿ ಇದಕ್ಕೆ ಈಗಿನ ಹೆಸರು ಬಂದಿತು. ಅಂದಿನಿಂದ ಯಾವುದೇ ಒಂದು ಕಂಪನಿಯ ಒಡೆತನಕ್ಕೆ ಒಳಪಡದೆ, ಹಲವು ದೇಶಗಳ ಸ್ವಯಂಸೇವಕರು ಹಾಗೂ ಬೇರೆ ಬೇರೆ ಸಂಸ್ಥೆಗಳ ನೌಕರರು ಸೇರಿ ಇದನ್ನು ಬೆಳೆಸುತ್ತಿದ್ದಾರೆ. ಸಂಬಳಕ್ಕೆ ನೇಮಿಸಿಕೊಂಡ ಪ್ರತ್ಯೇಕ ಪರೀಕ್ಷಕರ ತಂಡ ಈ ಯೋಜನೆಗೆ ಇಲ್ಲ. ಹೊಸ ಆವೃತ್ತಿಯನ್ನು ತಮ್ಮ ಯಂತ್ರದಲ್ಲಿ ಓಡಿಸಿ ನೋಡುವ ಬಳಕೆದಾರರೇ ಆ ಕೊರತೆಯನ್ನು ತುಂಬಬೇಕು.

ವರ್ಷಕ್ಕೊಂದು ಪ್ರಮುಖ ಆವೃತ್ತಿ ಹೊರಬರುವುದು ವಾಡಿಕೆ. ಪ್ರತಿಯೊಂದಕ್ಕೂ ಐದು ವರ್ಷ ಬೆಂಬಲ ಇರುತ್ತದೆ. ಹೊಸ ಸೌಲಭ್ಯಗಳ ಸೇರ್ಪಡೆ ಏಪ್ರಿಲ್ ತಿಂಗಳಲ್ಲಿ ನಿಲ್ಲುತ್ತದೆ. ಮೊದಲ ಬೀಟಾ ಸಾಮಾನ್ಯವಾಗಿ ಮೇ ತಿಂಗಳಲ್ಲಿ ಬರುತ್ತದೆ. ಅನಂತರ ಇನ್ನೆರಡು ಮೂರು ಬೀಟಾಗಳು ಹಾಗೂ ಒಂದು ಬಿಡುಗಡೆ ಅಭ್ಯರ್ಥಿ ಆವೃತ್ತಿ ಬಂದು, ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಅಂತಿಮ ಬಿಡುಗಡೆಯಾಗುತ್ತದೆ. ಉದಾಹರಣೆಗೆ 15ನೆಯ ಆವೃತ್ತಿಯ ಮೊದಲ ಬೀಟಾ 2022ರ ಮೇ 19ರಂದು ಬಂದಿತು. ನಾಲ್ಕು ಬೀಟಾಗಳ ನಂತರ ಅಂತಿಮ ಆವೃತ್ತಿ ಅದೇ ವರ್ಷದ ಅಕ್ಟೋಬರ್ 13ರಂದು ಬಿಡುಗಡೆಯಾಯಿತು.

ಈ ಐದು ತಿಂಗಳು ಏಕೆ ಮುಖ್ಯವೆಂದರೆ, ಅಂತಿಮ ಬಿಡುಗಡೆಯಾದ ಮೇಲೆ ಕೆಲವು ಬಗೆಯ ತಪ್ಪುಗಳನ್ನು ಆ ಆವೃತ್ತಿಯಲ್ಲಿ ಸುಲಭವಾಗಿ ತಿದ್ದಲಾಗದು. ಕೋಷ್ಟಕಗಳು, ಕಾರ್ಯಗಳು, ದತ್ತಾಂಶ ಪ್ರಕಾರಗಳು ಮುಂತಾದವುಗಳ ವಿವರ ಇರುವ ವ್ಯವಸ್ಥಾ ಕೋಷ್ಟಕಗಳನ್ನು ಕೆಟಲಾಗ್ ಎನ್ನುತ್ತಾರೆ. ಕಿರು ಆವೃತ್ತಿಗಳು ಕೆಟಲಾಗನ್ನು ಬದಲಿಸುವುದಿಲ್ಲ ಎಂಬುದು ಯೋಜನೆಯ ನಿಯಮ. ಆದ್ದರಿಂದ ಕಾರ್ಯವೊಂದರ ಹೆಸರು ಅಥವಾ ಅದು ಹಿಂದಿರುಗಿಸುವ ದತ್ತಾಂಶದ ಪ್ರಕಾರ ತಪ್ಪಾಗಿದ್ದರೆ, ಅದನ್ನು ಬೀಟಾದಲ್ಲಿಯೇ ಸರಿಪಡಿಸಬೇಕು. ಇಲ್ಲವಾದರೆ ಮುಂದಿನ ಪ್ರಮುಖ ಆವೃತ್ತಿಗಾಗಿ ಒಂದು ವರ್ಷ ಕಾಯಬೇಕು.

ಬೀಟಾ ಆವೃತ್ತಿಯನ್ನು ಅಳವಡಿಸುವಾಗ ಎದುರಾಗುವ ತೊಡಕುಗಳು

ಬೀಟಾ ಆವೃತ್ತಿಯನ್ನು ನಿತ್ಯದ ಕೆಲಸದ ದತ್ತಸಂಚಯಕ್ಕೆ ಬಳಸಬಾರದು ಎಂದು ಪ್ರತಿ ಬೀಟಾ ಪ್ರಕಟಣೆಯೂ ಹೇಳುತ್ತದೆ. ಪ್ರತ್ಯೇಕ ಕಡತಕೋಶದಲ್ಲಿ ಹೊಸ ಸಂಚಯವನ್ನು ರಚಿಸಿ, ರೂಢಿಯ 5432ರ ಬದಲು ಬೇರೊಂದು ಪೋರ್ಟ್ ಸಂಖ್ಯೆಯಲ್ಲಿ ಸರ್ವರ್ ನಡೆಸಿದರೆ ಹಳೆಯದೂ ಹೊಸದೂ ಒಂದೇ ಯಂತ್ರದಲ್ಲಿ ತೊಂದರೆಯಿಲ್ಲದೆ ಇರಬಲ್ಲವು. ಹಳೆಯ ಸಂಚಯದ ಪ್ರತಿಯನ್ನು ಡಂಪ್ ಮಾಡಿ ಹೊಸದಕ್ಕೆ ತುಂಬಿದಾಗ, ನಿಜವಾದ ದತ್ತಾಂಶದ ಮೇಲೆ ಪರೀಕ್ಷೆ ನಡೆಯುತ್ತದೆ. ಕೃತಕವಾಗಿ ಸೃಷ್ಟಿಸಿದ ಅಚ್ಚುಕಟ್ಟಾದ ಮಾದರಿ ಕೋಷ್ಟಕಗಳಲ್ಲಿ ಕಾಣದ ದೋಷಗಳು ವರ್ಷಾನುಗಟ್ಟಲೆ ಬಳಸಿದ ಕೋಷ್ಟಕಗಳಲ್ಲಿ ಕಾಣಿಸಿಕೊಳ್ಳುವುದುಂಟು.

ಹೊಸಬರು ಮೊದಲು ಎದುರಿಸುವ ತೊಂದರೆ ಬಹುಮಟ್ಟಿಗೆ ದೋಷವೇ ಆಗಿರುವುದಿಲ್ಲ. ಮೊದಲ ಬೀಟಾದಲ್ಲಿ ರಚಿಸಿದ ಸಂಚಯದ ಮೇಲೆ ಎರಡನೆಯ ಬೀಟಾದ ಸರ್ವರನ್ನು ಆರಂಭಿಸಿದರೆ, ಕೆಟಲಾಗ್ ಆವೃತ್ತಿ ಸಂಖ್ಯೆ ಹೊಂದುತ್ತಿಲ್ಲ ಎಂದು ತಿಳಿಸಿ ಸರ್ವರ್ ನಿಂತುಬಿಡಬಹುದು. ವರ್ಷ, ತಿಂಗಳು, ದಿನ ಹಾಗೂ ಆ ದಿನದ ಬದಲಾವಣೆಯ ಕ್ರಮಸಂಖ್ಯೆಯನ್ನು ಒಟ್ಟಿಗೆ ಬರೆದಂತಿರುವ ಈ ಸಂಖ್ಯೆ, ಕೆಟಲಾಗ್ ಬದಲಾದಾಗಲೆಲ್ಲ ಬದಲಾಗುತ್ತದೆ. ಬೀಟಾ ಅವಧಿಯಲ್ಲಿ ಕೆಟಲಾಗ್ ಇನ್ನೂ ಸ್ಥಿರಗೊಂಡಿರುವುದಿಲ್ಲವಾದ್ದರಿಂದ ಈ ಸೂಚನೆ ಸಹಜವಾದದ್ದು. ಡಂಪ್ ಮಾಡಿ ಮತ್ತೆ ತುಂಬುವುದು ಅಥವಾ ಪಿಜಿ ಅಪ್‌ಗ್ರೇಡ್ ಉಪಕರಣವನ್ನು ಬಳಸುವುದು ಇದಕ್ಕೆ ಪರಿಹಾರ. ಪಿಜಿ ಅಪ್‌ಗ್ರೇಡ್ ಸ್ವತಃ ಪರೀಕ್ಷೆಗೆ ಒಳಪಡಬೇಕಾದ ಉಪಕರಣವಾಗಿರುವುದರಿಂದ ಎರಡನೆಯ ದಾರಿ ಹೆಚ್ಚು ಉಪಯುಕ್ತ.

ದೋಷಗಳ ಬಗೆಗಳು

ಕುಸಿತವು ಕಣ್ಣಿಗೆ ಬೇಗ ಬೀಳುವ ದೋಷ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿಯೊಂದು ಸಂಪರ್ಕಕ್ಕೂ ಒಂದು ಪ್ರತ್ಯೇಕ ಪ್ರಕ್ರಿಯೆ ಇರುತ್ತದೆ. ಅವುಗಳಲ್ಲಿ ಒಂದು ಪ್ರಕ್ರಿಯೆ ಅಕ್ರಮ ಸ್ಮೃತಿ ಪ್ರವೇಶದಿಂದ ಸತ್ತರೆ, ಅದು 11ನೆಯ ಸಂಕೇತದಿಂದ ಕೊನೆಗೊಂಡಿತು ಎಂಬ ಸಾಲು ಸರ್ವರ್ ಲಾಗ್‌ನಲ್ಲಿ ದಾಖಲಾಗುತ್ತದೆ. ಹಂಚಿಕೆಯ ಸ್ಮೃತಿ ಕೆಟ್ಟಿರಬಹುದೆಂಬ ಶಂಕೆಯಿಂದ ಮುಖ್ಯ ಪ್ರಕ್ರಿಯೆಯು ಉಳಿದ ಎಲ್ಲ ಸಂಪರ್ಕಗಳನ್ನೂ ಕಡಿದು, ಮುಂಗಡ ದಾಖಲೆಯ ನೆರವಿನಿಂದ ಸಂಚಯವನ್ನು ಪುನಃಸ್ಥಾಪಿಸುತ್ತದೆ. ಒಬ್ಬರ ಪ್ರಶ್ನೆಯಿಂದ ಎಲ್ಲರ ಸಂಪರ್ಕ ಕಡಿದುಹೋಗುವುದನ್ನು ನೋಡಿದವರು ಸರ್ವರ್ ಪೂರ್ತಿ ಹಾಳಾಯಿತೆಂದು ಭಾವಿಸುವುದುಂಟು. ವಾಸ್ತವದಲ್ಲಿ ಅದು ರಕ್ಷಣೆಯ ಕ್ರಮ.

ಪ್ರಶ್ನೆಯ ವೇಗ ಕುಗ್ಗುವುದು ಇನ್ನೊಂದು ಬಗೆ. ಅದೇ ಪ್ರಶ್ನೆ ಹಿಂದಿನ ಆವೃತ್ತಿಯಲ್ಲಿ ಕ್ಷಣದಲ್ಲಿ ಮುಗಿಯುತ್ತಿದ್ದು, ಹೊಸದರಲ್ಲಿ ನಿಮಿಷಗಳನ್ನು ತೆಗೆದುಕೊಂಡರೆ ಯೋಜಕವು ಬೇರೆ ಮಾರ್ಗವನ್ನು ಆರಿಸಿಕೊಂಡಿರುವ ಸಾಧ್ಯತೆಯಿದೆ.

ಇವೆರಡಕ್ಕಿಂತ ಅಪಾಯಕಾರಿಯಾದದ್ದು ತಪ್ಪು ಉತ್ತರ. ಸರ್ವರ್ ಕುಸಿಯುವುದಿಲ್ಲ, ದೋಷಸೂಚನೆ ಬರುವುದಿಲ್ಲ. ನೂರು ಸಾಲು ಬರಬೇಕಾದಲ್ಲಿ ತೊಂಬತ್ತೊಂಬತ್ತು ಬರುತ್ತವೆ. ಎಣಿಸಿ ನೋಡದ ಹೊರತು ಇದು ಯಾರಿಗೂ ತಿಳಿಯದು. ಇಂಡೆಕ್ಸ್ ಕೆಡುವುದೂ ಇದೇ ಜಾತಿಗೆ ಸೇರಿದ್ದು: ಕೋಷ್ಟಕದಲ್ಲಿ ಸಾಲು ಇರುತ್ತದೆ, ಆದರೆ ಇಂಡೆಕ್ಸ್ ಮೂಲಕ ಹುಡುಕಿದವರಿಗೆ ಅದು ಸಿಗುವುದಿಲ್ಲ. ಅನನ್ಯವಾಗಿರಬೇಕಾದ ಮೌಲ್ಯವು ಎರಡು ಬಾರಿ ಸೇರಿಹೋಗಲು ಇದು ಎಡೆಮಾಡಿಕೊಡುತ್ತದೆ. ಬೀಟಾ ಪರೀಕ್ಷಕರು ಹಳೆಯ ಮತ್ತು ಹೊಸ ಆವೃತ್ತಿಗಳೆರಡರಲ್ಲೂ ಒಂದೇ ಪ್ರಶ್ನೆಯನ್ನು ಕೇಳಿ ಉತ್ತರಗಳನ್ನು ಹೋಲಿಸುವುದು ಇಂತಹ ದೋಷಗಳನ್ನು ಹಿಡಿಯುವ ಸರಳ ಉಪಾಯ.

ದೋಷವನ್ನು ಪ್ರತ್ಯೇಕಿಸುವ ವಿಧಾನ

ಮೊದಲ ಹೆಜ್ಜೆ ಯಾವ ಸರ್ವರ್ ನಡೆಯುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು. ವರ್ಷನ್ ಎಂಬ ಕಾರ್ಯವನ್ನು ಕರೆದರೆ ಬೀಟಾದ ಕ್ರಮಸಂಖ್ಯೆ, ಯಂತ್ರದ ಬಗೆ ಹಾಗೂ ಬಳಸಿದ ಕಂಪೈಲರ್ ತಿಳಿಯುತ್ತವೆ. ಹೊಸ ಗ್ರಾಹಕ ತಂತ್ರಾಂಶದಿಂದ ಹಳೆಯ ಸರ್ವರಿಗೆ ಸಂಪರ್ಕ ಹೊಂದಿ, ಹಳೆಯದರ ವರ್ತನೆಯನ್ನೇ ಹೊಸ ದೋಷವೆಂದು ತಿಳಿಯುವುದು ಅಪರೂಪವೇನಲ್ಲ.

ಎರಡನೆಯದು ವಿಸ್ತರಣೆಗಳನ್ನು ತೆಗೆದು ನೋಡುವುದು. ಪೋಸ್ಟ್‌ಗ್ರೆಸ್‌ಗೆ ಹೊರಗಿನವರು ಬರೆದ ವಿಸ್ತರಣೆಗಳು ಸರ್ವರ್ ಪ್ರಕ್ರಿಯೆಯ ಒಳಗೇ ನಡೆಯುವುದರಿಂದ, ಅವುಗಳ ತಪ್ಪು ಸರ್ವರಿನ ತಪ್ಪಿನಂತೆಯೇ ತೋರುತ್ತದೆ. ಹಿಂದಿನ ಆವೃತ್ತಿಗಾಗಿ ಸಿದ್ಧಪಡಿಸಿದ ವಿಸ್ತರಣೆಯನ್ನು ಹೊಸದಕ್ಕಾಗಿ ಮತ್ತೆ ಕಂಪೈಲ್ ಮಾಡಲೇಬೇಕು.

ತಪ್ಪು ಉತ್ತರ ಅಥವಾ ನಿಧಾನಗತಿಯ ಪ್ರಶ್ನೆಯಾದರೆ, ಎಕ್ಸ್‌ಪ್ಲೇನ್ ಆದೇಶದ ಮೂಲಕ ಸರ್ವರ್ ಆರಿಸಿಕೊಂಡ ಮಾರ್ಗವನ್ನು ನೋಡಬೇಕು. ಹ್ಯಾಶ್ ಜೋಡಣೆ, ಸಮಾನಾಂತರ ಕಾರ್ಯನಿರ್ವಹಣೆ, ಪ್ರಶ್ನೆಯ ಲೆಕ್ಕಾಚಾರಗಳನ್ನು ಓಡುವಾಗಲೇ ಯಂತ್ರಸಂಕೇತವಾಗಿಸುವ ಜಿಟ್ ಮುಂತಾದವನ್ನು ಒಂದೊಂದಾಗಿ ಸ್ಥಗಿತಗೊಳಿಸುವ ನಿಯಂತ್ರಕಗಳಿವೆ. ಜಿಟ್ ಸ್ಥಗಿತಗೊಳಿಸಿದಾಗ ತಪ್ಪು ಮಾಯವಾದರೆ ಶೋಧದ ಕ್ಷೇತ್ರ ಬಹಳ ಕಿರಿದಾಗುತ್ತದೆ. ಈ ಜಿಟ್ ಸೌಲಭ್ಯದ ಕಥೆಯೇ ಬೀಟಾದ ಒಂದು ಪಾಠ: 11ನೆಯ ಆವೃತ್ತಿಯ ಬೀಟಾ ಅವಧಿಯಲ್ಲಿ ಅದು ತಾನಾಗಿಯೇ ಚಾಲೂ ಆಗಿರುತ್ತಿತ್ತು, ಅಂತಿಮ ಬಿಡುಗಡೆಗೆ ಮುನ್ನ ಅದನ್ನು ಬಳಕೆದಾರ ಬಯಸಿದರೆ ಮಾತ್ರ ಚಾಲೂ ಆಗುವಂತೆ ಬದಲಿಸಲಾಯಿತು, 12ನೆಯ ಆವೃತ್ತಿಯಲ್ಲಿ ಮತ್ತೆ ತಾನಾಗಿಯೇ ಚಾಲೂ ಆಗಿರುವಂತೆ ಮಾಡಲಾಯಿತು.

ಕುಸಿತವಾದರೆ ಬ್ಯಾಕ್‌ಟ್ರೇಸ್ ಬೇಕು. ಪ್ರಕ್ರಿಯೆ ಸಾಯುವ ಕ್ಷಣದಲ್ಲಿ ಯಾವ ಕಾರ್ಯವು ಯಾವುದನ್ನು ಕರೆದಿತ್ತು ಎಂಬುದರ ಪಟ್ಟಿಯೇ ಬ್ಯಾಕ್‌ಟ್ರೇಸ್. ಕಾರ್ಯಾಚರಣ ವ್ಯವಸ್ಥೆಯು ಕೋರ್ ಕಡತವನ್ನು ಉಳಿಸುವಂತೆ ಮೊದಲೇ ಹೊಂದಿಸಿ, ಜಿಡಿಬಿ ಎಂಬ ದೋಷಶೋಧಕದಲ್ಲಿ ಅದನ್ನು ತೆರೆದರೆ ಈ ಪಟ್ಟಿ ದೊರೆಯುತ್ತದೆ. ತಂತ್ರಾಂಶವನ್ನು ದೋಷಶೋಧನೆಯ ಚಿಹ್ನೆಗಳೊಂದಿಗೆ ಕಂಪೈಲ್ ಮಾಡಿರದಿದ್ದರೆ ಪಟ್ಟಿಯಲ್ಲಿ ಹೆಸರುಗಳ ಬದಲು ಬರಿಯ ವಿಳಾಸಗಳು ಕಾಣುತ್ತವೆ. ಅದರಿಂದ ಪ್ರಯೋಜನ ಕಡಿಮೆ. ಸ್ವತಃ ಕಂಪೈಲ್ ಮಾಡಬಲ್ಲವರು ಅಸರ್ಟ್ ತಪಾಸಣೆಗಳನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು. ‘ಇಲ್ಲಿಗೆ ಬರುವಾಗ ಈ ಸಂಖ್ಯೆ ಸೊನ್ನೆಯಾಗಿರಲೇಕೂಡದು’ ಎಂಬಂತಹ ಸಾವಿರಾರು ನಿಬಂಧನೆಗಳನ್ನು ಅಭಿವರ್ಧಕರು ಆಕರ ಸಂಕೇತದಲ್ಲಿ ಬರೆದಿಟ್ಟಿದ್ದಾರೆ. ಸಾಮಾನ್ಯ ಬಳಕೆಯ ಪ್ರತಿಗಳಲ್ಲಿ ವೇಗಕ್ಕಾಗಿ ಇವನ್ನು ಕೈಬಿಡಲಾಗಿರುತ್ತದೆ. ಅವು ಚಾಲೂ ಇದ್ದಾಗ ಸರ್ವರ್ ನಿಧಾನವಾಗುತ್ತದೆ, ಆದರೆ ಮೌನವಾಗಿ ತಪ್ಪು ಉತ್ತರ ಕೊಡುವ ಬದಲು ತಪ್ಪಿನ ಜಾಗದಲ್ಲಿಯೇ ನಿಲ್ಲುತ್ತದೆ.

ಹಿಂದಿನ ಆವೃತ್ತಿಯಲ್ಲಿ ಸರಿಯಿದ್ದು ಬೀಟಾದಲ್ಲಿ ಕೆಟ್ಟಿದ್ದರೆ ಗಿಟ್ ಬೈಸೆಕ್ಟ್ ವಿಧಾನ ಬಹಳ ಫಲಕಾರಿ. ನಡುವಣ ಬದಲಾವಣೆಗಳ ಸರಣಿಯನ್ನು ಇಬ್ಭಾಗಿಸಿ, ಮಧ್ಯದ ಹಂತದಲ್ಲಿ ದೋಷವಿದೆಯೇ ಎಂದು ನೋಡಿ, ಉಳಿದರ್ಧವನ್ನು ಮತ್ತೆ ಇಬ್ಭಾಗಿಸುತ್ತ ಹೋಗುವುದು ಇದರ ಕ್ರಮ. ಎರಡು ಸಾವಿರ ಬದಲಾವಣೆಗಳಿದ್ದರೂ ಹನ್ನೊಂದು ಪರೀಕ್ಷೆಗಳಲ್ಲಿ ಕಾರಣವಾದ ಒಂದೇ ಬದಲಾವಣೆ ಸಿಗುತ್ತದೆ. ಆದರೆ ಪ್ರತಿ ಹಂತದಲ್ಲೂ ಕಂಪೈಲ್ ಮಾಡಿ, ಹೊಸ ಸಂಚಯವನ್ನು ರಚಿಸಬೇಕಾದ್ದರಿಂದ ತಾಳ್ಮೆ ಅಗತ್ಯ.

ವರದಿ ಮಾಡುವುದು

ಒಳ್ಳೆಯ ವರದಿಯ ಲಕ್ಷಣ ಒಂದೇ: ಓದಿದವರು ತಮ್ಮ ಯಂತ್ರದಲ್ಲಿ ಅದೇ ದೋಷವನ್ನು ಮತ್ತೆ ಉಂಟುಮಾಡಲು ಸಾಧ್ಯವಾಗಬೇಕು. ಕೋಷ್ಟಕವನ್ನು ರಚಿಸುವ ಆದೇಶದಿಂದ ಮೊದಲುಗೊಂಡು, ಸಾಲುಗಳನ್ನು ಸೇರಿಸುವ ಆದೇಶ, ಕೊನೆಯ ಪ್ರಶ್ನೆ, ಬಂದ ಉತ್ತರ ಹಾಗೂ ನಿರೀಕ್ಷಿಸಿದ್ದ ಉತ್ತರ ಎಲ್ಲವೂ ಅದರಲ್ಲಿರಬೇಕು. ‘ಕೆಲಸ ಮಾಡುತ್ತಿಲ್ಲ’ ಎಂಬ ಒಂದು ಸಾಲಿನ ವರದಿಯಿಂದ ಯಾರಿಗೂ ನೆರವಾಗದು. ಊಹೆಗಳನ್ನು ಬರೆಯದೆ ಕಂಡದ್ದನ್ನು ಮಾತ್ರ ಬರೆಯಬೇಕೆಂದು ಪೋಸ್ಟ್‌ಗ್ರೆಸ್‌ನ ಅಧಿಕೃತ ಕೈಪಿಡಿ ಹೇಳುತ್ತದೆ. ಯಾವ ಬದಲಾವಣೆ ಮಾಡಿದರೆ ತೊಂದರೆ ಮರೆಯಾಗುತ್ತದೆ ಎಂದು ಹುಡುಕುತ್ತ ಸಮಯವನ್ನೆಲ್ಲ ಕಳೆಯಬೇಡಿ ಎಂಬ ಸಲಹೆಯೂ ಅದರಲ್ಲಿದೆ.

ವರದಿಗಳೂ ಅವುಗಳ ಮೇಲಿನ ಚರ್ಚೆಯೂ ಸಾರ್ವಜನಿಕ, ಶಾಶ್ವತವಾಗಿ ಉಳಿಯುವಂಥವು. ಆದ್ದರಿಂದ ನಿಜವಾದ ವ್ಯಕ್ತಿಗಳ ಹೆಸರು, ದೂರವಾಣಿ ಸಂಖ್ಯೆ, ಗುಪ್ತಪದ ಮುಂತಾದವು ಮಾದರಿ ದತ್ತಾಂಶದಲ್ಲಿ ಇರಬಾರದು. ಕೋರ್ ಕಡತವು ಪ್ರಕ್ರಿಯೆಯ ಸ್ಮೃತಿಯ ಪ್ರತಿಯಾಗಿರುವುದರಿಂದ ಅದರಲ್ಲಿಯೂ ಇಂತಹ ಮಾಹಿತಿ ಅಡಗಿರುತ್ತದೆ. ಬ್ಯಾಕ್‌ಟ್ರೇಸನ್ನು ಮಾತ್ರ ಕಳುಹಿಸುವುದು ಕ್ಷೇಮಕರ. ಭದ್ರತೆಗೆ ಸಂಬಂಧಿಸಿದ ದೋಷಗಳಿಗೆ ಪ್ರತ್ಯೇಕವಾದ ಖಾಸಗಿ ಮಾರ್ಗವಿದೆ.

ಸ್ವಯಂಚಾಲಿತ ಪರೀಕ್ಷೆಯ ಏರ್ಪಾಡೂ ಇದೆ. 2004ರಲ್ಲಿ ಆರಂಭವಾದ ಬಿಲ್ಡ್‌ಫಾರ್ಮ್ ಎಂಬ ಜಾಲದಲ್ಲಿ ಸ್ವಯಂಸೇವಕರ ಯಂತ್ರಗಳು ಹೊಸ ಸಂಕೇತವನ್ನು ಮತ್ತೆ ಮತ್ತೆ ಕಂಪೈಲ್ ಮಾಡಿ ಪರೀಕ್ಷಿಸುತ್ತವೆ. ಈ ಯಂತ್ರಗಳಿಗೆ ಪ್ರಾಣಿಗಳ ಹೆಸರಿಡುವುದು ರೂಢಿ. ಆದರೂ ಬಿಲ್ಡ್‌ಫಾರ್ಮ್ ಪರೀಕ್ಷಿಸುವುದು ಯಾರೋ ಒಬ್ಬರು ಮೊದಲೇ ಯೋಚಿಸಿ ಬರೆದ ಪರೀಕ್ಷೆಗಳನ್ನು ಮಾತ್ರ.

ತೆರೆದ ವಿಷಯಗಳು ಮತ್ತು ಹಿಂತೆಗೆತ

ಬೀಟಾದಲ್ಲಿ ಕಂಡುಬಂದು ಇನ್ನೂ ಬಗೆಹರಿಯದ ದೋಷಗಳನ್ನು ‘ತೆರೆದ ವಿಷಯಗಳು’ ಎಂಬ ಸಾರ್ವಜನಿಕ ಪಟ್ಟಿಯಲ್ಲಿ ಸೇರಿಸಲಾಗುತ್ತದೆ. 2016ರ 9.6 ಆವೃತ್ತಿಯಿಂದ ಈಚೆಗೆ ಪ್ರತಿ ಆವೃತ್ತಿಗೂ ಒಂದು ಬಿಡುಗಡೆ ನಿರ್ವಹಣಾ ತಂಡವಿದ್ದು, ಸಾಮಾನ್ಯವಾಗಿ ಮೂವರು ಸದಸ್ಯರಿರುವ ಆ ತಂಡ ಈ ಪಟ್ಟಿಯ ಮೇಲೆ ಕಣ್ಣಿಡುತ್ತದೆ. ದೋಷವನ್ನು ತಿದ್ದುವುದೋ, ಆ ಸೌಲಭ್ಯವನ್ನೇ ಹಿಂತೆಗೆಯುವುದೋ ಎಂಬ ಪ್ರಶ್ನೆ ಇಲ್ಲಿ ತೀರ್ಮಾನವಾಗುತ್ತದೆ.

ಹಿಂತೆಗೆತದ ಪ್ರಸಿದ್ಧ ಉದಾಹರಣೆ 15ನೆಯ ಆವೃತ್ತಿಯದು. ಜೇಸನ್ ದತ್ತಾಂಶವನ್ನು ಮಾನಕ ಎಸ್‌ಕ್ಯೂಎಲ್ ರೀತಿಯಲ್ಲಿ ನಿರ್ವಹಿಸುವ ಕಾರ್ಯಗಳ ದೊಡ್ಡ ಗುಚ್ಛವೊಂದು 2022ರ ವಸಂತದಲ್ಲಿ ಸೇರ್ಪಡೆಯಾಗಿ ಮೊದಲ ಮೂರು ಬೀಟಾಗಳಲ್ಲಿ ಇತ್ತು. ದೋಷ ಎದುರಾದಾಗ ಅದನ್ನು ನಿಭಾಯಿಸಲು ಆ ಸಂಕೇತವು ಉಪ ವ್ಯವಹಾರಗಳನ್ನು ಬಳಸುತ್ತಿದ್ದ ರೀತಿ ದುಬಾರಿಯೂ ಸಂದೇಹಾಸ್ಪದವೂ ಆಗಿದೆ ಎಂಬ ಆಕ್ಷೇಪ ಬೇಸಿಗೆಯಲ್ಲಿ ಬಂದಿತು. ತೇಪೆ ಹಾಕುವ ಪ್ರಯತ್ನ ನಡೆಯಿತಾದರೂ ಸಮಯ ಸಾಲದೆಂದು ಇಡೀ ಗುಚ್ಛವನ್ನು ತೆಗೆಯಲಾಯಿತು. ಸೆಪ್ಟೆಂಬರ್ 8ರ ನಾಲ್ಕನೆಯ ಬೀಟಾದಲ್ಲಿ ಅದು ಇರಲಿಲ್ಲ. ಅದರ ಒಂದು ಭಾಗ 16ರಲ್ಲಿ, ಜೇಸನ್ ಟೇಬಲ್ ಸೇರಿದಂತೆ ಮುಖ್ಯ ಭಾಗ 2024ರ 17ರಲ್ಲಿ ಮರಳಿ ಬಂದಿತು. ಅದಕ್ಕಾಗಿ ಕಾದಿದ್ದವರಿಗೆ ನಿರಾಸೆಯಾದದ್ದು ಸಹಜ. ಆದರೆ ಆ ಸಂಕೇತವನ್ನು ಹಾಗೆಯೇ ಬಿಡುಗಡೆ ಮಾಡಿದ್ದರೆ ಅದರ ಹೊಣೆಯನ್ನು ಐದು ವರ್ಷ ಹೊರಬೇಕಾಗುತ್ತಿತ್ತು. ಕಾಲಾವಧಿಯನ್ನು ಒಳಗೊಂಡ ಪ್ರಾಥಮಿಕ ಕೀಲಿಗಳ ಸೌಲಭ್ಯವನ್ನೂ ಇದೇ ರೀತಿ 17ರಿಂದ ಹಿಂತೆಗೆದು, 2025ರ 18ನೆಯ ಆವೃತ್ತಿಯಲ್ಲಿ ನೀಡಲಾಯಿತು.

ಅಕಾರಾದಿ ಕ್ರಮ ಮತ್ತು ಕನ್ನಡ ದತ್ತಾಂಶ

ಕನ್ನಡ ಪಠ್ಯವನ್ನು ದತ್ತಸಂಚಯದಲ್ಲಿ ಇಡುವವರಿಗೆ ನೇರವಾಗಿ ಸಂಬಂಧಿಸಿದ ಒಂದು ಬೀಟಾ ಘಟನೆ 16ನೆಯ ಆವೃತ್ತಿಯದು. ಪಠ್ಯವನ್ನು ಅಕಾರಾದಿಯಾಗಿ ಜೋಡಿಸುವ ನಿಯಮಗಳನ್ನು ಪೋಸ್ಟ್‌ಗ್ರೆಸ್ ಕಾರ್ಯಾಚರಣ ವ್ಯವಸ್ಥೆಯ ಗ್ರಂಥಾಲಯದಿಂದ ಅಥವಾ ಐಸಿಯು ಎಂಬ ಯೂನಿಕೋಡ್ ಗ್ರಂಥಾಲಯದಿಂದ ಪಡೆಯಬಲ್ಲದು. 2023ರ ಮೊದಲ ಬೀಟಾದಲ್ಲಿ ಹೊಸ ಸಂಚಯಗಳಿಗೆ ಐಸಿಯು ಪೂರ್ವನಿಯೋಜಿತ ಆಯ್ಕೆಯಾಗಿತ್ತು. ಹಳೆಯ ಸಂಚಯಗಳೊಡನೆ ಹೊಂದಾಣಿಕೆಯ ತೊಡಕುಗಳು ಚರ್ಚೆಗೆ ಬಂದ ಮೇಲೆ ಬೀಟಾ ಅವಧಿಯಲ್ಲಿಯೇ ಅದನ್ನು ಹಿಂದಿನಂತೆ ಬದಲಿಸಲಾಯಿತು.

ಇದು ಸಣ್ಣ ವಿಷಯವಲ್ಲ. ಯೂನಿಕೋಡ್ ಸಂಕೇತಗಳ ಅನುಕ್ರಮದಲ್ಲಿ ‘ಳ’ ಅಕ್ಷರವು ‘ಲ’ದ ಪಕ್ಕದಲ್ಲಿ, ‘ವ’ಕ್ಕಿಂತ ಮೊದಲೇ ಬರುತ್ತದೆ; ಕನ್ನಡ ವರ್ಣಮಾಲೆಯಲ್ಲಾದರೆ ‘ಹ’ದ ನಂತರ. ಅನುಸ್ವಾರ, ವಿಸರ್ಗಗಳು ಯೂನಿಕೋಡ್‌ನಲ್ಲಿ ‘ಅ’ಕಾರಕ್ಕಿಂತ ಮುಂಚೆ ಇವೆ. ಆದ್ದರಿಂದ ಊರುಗಳ ಪಟ್ಟಿಯನ್ನು ಬರಿಯ ಸಂಕೇತಗಳ ಕ್ರಮದಲ್ಲಿ ಜೋಡಿಸಿದರೆ ನಿಘಂಟಿನ ಕ್ರಮ ಬರುವುದಿಲ್ಲ. ಕನ್ನಡಕ್ಕೆಂದೇ ಇರುವ ಐಸಿಯು ಜೋಡಣೆಯನ್ನು ಕಾಲಂ ಮಟ್ಟದಲ್ಲಿ ಹೆಸರಿಸಿ ಬಳಸಬಹುದು.

ಇಂಡೆಕ್ಸ್ ಎಂಬುದು ಡಿಸ್ಕಿನಲ್ಲಿ ಕ್ರಮವಾಗಿ ಜೋಡಿಸಿಟ್ಟ ರಚನೆ. ಅದನ್ನು ಕಟ್ಟಿದ ಮೇಲೆ ಕ್ರಮದ ನಿಯಮವೇ ಬದಲಾದರೆ ಹುಡುಕಾಟ ತಪ್ಪು ಕವಲಿಗೆ ಹೋಗುತ್ತದೆ. 2018ರಲ್ಲಿ ಲಿನಕ್ಸ್‌ನ ಜಿಲಿಬ್‌ಸಿ ಗ್ರಂಥಾಲಯದ 2.28ನೆಯ ಆವೃತ್ತಿ ಜೋಡಣೆಯ ನಿಯಮಗಳನ್ನು ಬದಲಿಸಿದಾಗ, ಪೋಸ್ಟ್‌ಗ್ರೆಸ್‌ನಲ್ಲಿ ಯಾವ ದೋಷವೂ ಇಲ್ಲದೆಯೇ ಕಾರ್ಯಾಚರಣ ವ್ಯವಸ್ಥೆಯನ್ನು ನವೀಕರಿಸಿದವರ ಇಂಡೆಕ್ಸ್‌ಗಳು ಕೆಟ್ಟವು. ಬೀಟಾವನ್ನು ಹೊಸ ಯಂತ್ರದಲ್ಲಿ ಪರೀಕ್ಷಿಸುವಾಗ ಕನ್ನಡ ಪಠ್ಯದ ಹುಡುಕಾಟ ತಪ್ಪಿದರೆ, ದೋಷ ಪೋಸ್ಟ್‌ಗ್ರೆಸ್‌ನದೋ ಗ್ರಂಥಾಲಯದ್ದೋ ಎಂದು ಮೊದಲು ವಿಂಗಡಿಸಬೇಕಾಗುತ್ತದೆ.

ಬೀಟಾದಲ್ಲಿ ಸಿಗದೆ ಉಳಿದ ದೋಷಗಳು

2013ರ ಸೆಪ್ಟೆಂಬರ್‌ನಲ್ಲಿ ಬಂದ 9.3 ಆವೃತ್ತಿಯು ಸಾಲುಗಳಿಗೆ ಬೀಗ ಹಾಕುವ ಕ್ರಮವನ್ನು ಬದಲಿಸಿ, ಪರಕೀಯ ಕೀಲಿಗಳ ತಪಾಸಣೆಯಿಂದ ಇತರರು ಕಾಯಬೇಕಾಗುತ್ತಿದ್ದ ಪ್ರಸಂಗಗಳನ್ನು ಕಡಿಮೆ ಮಾಡಿತು. ಅದಕ್ಕಾಗಿ ಒಂದೇ ಸಾಲಿನ ಮೇಲೆ ಬೀಗ ಹಾಕಿದ ಹಲವು ವ್ಯವಹಾರಗಳ ಗುರುತನ್ನು, ಅಂದರೆ ಮಲ್ಟಿಎಕ್ಸ್ಯಾಕ್ಟ್ ಎಂಬುದನ್ನು, ದೀರ್ಘಕಾಲ ಉಳಿಸಬೇಕಾಯಿತು. ಆ ಸಂಕೇತದಲ್ಲಿದ್ದ ದೋಷಗಳು ಬೀಟಾದಲ್ಲಿ ಸಿಗದೆ, ದತ್ತಾಂಶ ನಷ್ಟದ ಸಾಧ್ಯತೆಯಿದ್ದ ಹಲವು ತಪ್ಪುಗಳನ್ನು 2015ರವರೆಗೂ ಕಿರು ಆವೃತ್ತಿಗಳಲ್ಲಿ ತಿದ್ದಬೇಕಾಯಿತು. ಅವುಗಳಲ್ಲಿ ಕೆಲವು ಪ್ರಕಟವಾಗಲು ಗುರುತುಗಳ ಸಂಖ್ಯೆ ಬಹಳ ದೊಡ್ಡದಾಗಿ ಬೆಳೆಯಬೇಕಿತ್ತು. ಕೆಲವು ವಾರಗಳ ಪರೀಕ್ಷೆಯಲ್ಲಿ ಅಷ್ಟು ಬಳಕೆ ಆಗುವುದು ಅಪರೂಪ.

14ನೆಯ ಆವೃತ್ತಿಯ ಪ್ರಕರಣ ಇನ್ನೂ ಸೂಕ್ಷ್ಮ. ಬರವಣಿಗೆಗೆ ತಡೆಯೊಡ್ಡದೆ ಇಂಡೆಕ್ಸ್ ಕಟ್ಟುವ ‘ಕನ್‌ಕರೆಂಟ್’ ಆದೇಶ ದೀರ್ಘಕಾಲ ನಡೆಯುತ್ತಿರುವಾಗಲೂ ಹಳೆಯ ಸಾಲುಗಳ ಸ್ವಚ್ಛತೆ ನಿಲ್ಲದಿರಲಿ ಎಂದು ಒಂದು ಸುಧಾರಣೆಯನ್ನು ಸೇರಿಸಲಾಗಿತ್ತು. ಅದರ ಪರಿಣಾಮವಾಗಿ, ಇಂಡೆಕ್ಸ್ ಕಟ್ಟಲು ಇನ್ನೂ ಬೇಕಾಗಿದ್ದ ಸಾಲಿನ ರೂಪಗಳನ್ನೂ ಸ್ವಚ್ಛಗೊಳಿಸುವ ಸಾಧ್ಯತೆ ಉಂಟಾಗಿ, ಕೆಲವು ಸಾಲುಗಳು ಇಂಡೆಕ್ಸ್‌ನಲ್ಲಿ ಸೇರದೆ ಹೋದವು. 2021ರ ಮೇ ತಿಂಗಳಿಂದ ನಡೆದ ಬೀಟಾದಲ್ಲಿಯೂ ಸೆಪ್ಟೆಂಬರ್ 30ರ ಬಿಡುಗಡೆಯ ನಂತರದ ತಿಂಗಳುಗಳಲ್ಲಿಯೂ ಇದು ಗಮನಕ್ಕೆ ಬರಲಿಲ್ಲ. ನಿಗದಿತ ವೇಳಾಪಟ್ಟಿಗೆ ಹೊರತಾಗಿ 2022ರ ಜೂನ್ 16ರಂದು ಹೊರತಂದ 14.4ರಲ್ಲಿ ಆ ಸುಧಾರಣೆಯನ್ನು ಹಿಂತೆಗೆಯಲಾಯಿತು. ಕೆಟ್ಟ ಇಂಡೆಕ್ಸ್‌ಗಳನ್ನು ಪತ್ತೆಹಚ್ಚಲು ಸಲಹೆ ಮಾಡಿದ ಪಿಜಿ ಆಮ್‌ಚೆಕ್ ಉಪಕರಣವು ಅದೇ 14ನೆಯ ಆವೃತ್ತಿಯಲ್ಲಿ ಹೊಸದಾಗಿ ಬಂದಿತ್ತು ಎಂಬುದು ಗಮನಾರ್ಹ. ಕೋಷ್ಟಕದ ಪ್ರತಿಯೊಂದು ಸಾಲೂ ಇಂಡೆಕ್ಸ್‌ನಲ್ಲಿದೆಯೇ ಎಂದು ಹೋಲಿಸುವ ಆಯ್ಕೆ ಅದರಲ್ಲಿದೆ. ಬೀಟಾ ಸಂಚಯಗಳ ಮೇಲೂ ಅದನ್ನು ನಡೆಸಬಹುದು. 14.0ರಿಂದ 14.3ರವರೆಗಿನ ಆವೃತ್ತಿಗಳಲ್ಲಿ ಈ ಆದೇಶದಿಂದ ಕಟ್ಟಿದ ಇಂಡೆಕ್ಸ್‌ಗಳು ನವೀಕರಣದಿಂದ ತಾವಾಗಿ ಸರಿಯಾಗುವುದಿಲ್ಲ. ಅವುಗಳನ್ನು ಮತ್ತೆ ಕಟ್ಟಬೇಕು.